ಶಬ್ದವಿಲ್ಲದ ಕಾರಿನಲ್ಲಿ ಟೀಚರ್

ಟೀಚರ್ ಹೋದ ಸುದ್ದಿ ಬಂದಾಗ ನಾನು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತಿದ್ದೆ. ಬಾಡಿಗೆ ಕಾರು ಓಡಿಸುವುದು ನನ್ನ ಕೆಲಸ. ಹಿಂದಿನ ಸೀಟಿನಲ್ಲಿ ಸಾಗರದ ಗಂಡ ಹೆಂಡತಿ, ಅವರ ನಡುವೆ ಕಣ್ಣಿನ ಆಪರೇಷನ್ನಿಗೆ ಹೊರಟಿದ್ದ ಅತ್ತೆ. ಫೋನ್ ಮಾಡಿದವಳು ಹೊಸನಗರದ ಲಲಿತ, ಟೀಚರ ಕೊನೆಯ ಶಿಷ್ಯೆ.

"ಅಕ್ಕ, ಟೀಚರ್ ಬೆಳಗ್ಗೆ ಎದ್ದೇ ಇಲ್ಲ" ಅಂದಳು.

"ಇನ್ನೂ ಮಲ್ಗಿದಾರಾ?" ಎಂದು ಕೇಳಿದೆ. ಅವಳು ಅಳತೊಡಗಿದಳು. ಆಗ ತಿಳಿಯಿತು.

ಎದುರಿಗೆ ನೀರಿನ ಟ್ಯಾಂಕರ್, ಹಿಂದೆ ಬಸ್ಸು, ಎಡಕ್ಕೂ ಬಲಕ್ಕೂ ಕಾರುಗಳು. ತಿರುಗಿಸಿಕೊಂಡು ಹೋಗುವ ಮಾತೇ ಇರಲಿಲ್ಲ. ಹಿಂದೆ ಕೂತವರನ್ನು ಆಸ್ಪತ್ರೆಗೆ ಮುಟ್ಟಿಸಲೇಬೇಕಿತ್ತು. ಕಾಲು ಬ್ರೇಕಿನ ಮೇಲಿತ್ತು, ಕೈ ಸ್ಟೀರಿಂಗಿನ ಮೇಲಿತ್ತು, ಮಾಡಲು ಬೇರೇನೂ ಇರಲಿಲ್ಲ. ನನ್ನ ಕಾರು ಇಂಥ ಹೊತ್ತಿಗೆಂದೇ ಮಾಡಿದ ಕಾರು. ಪೆಟ್ರೋಲ್ ಎಂಜಿನ್ ಒಂದು, ಬ್ಯಾಟರಿಯ ಮೋಟಾರ್ ಒಂದು, ಎರಡೂ ಇರುವ ಹೈಬ್ರಿಡ್. ನಿಂತರೆ ಎಂಜಿನ್ ತಾನಾಗಿ ಆರುತ್ತದೆ, ಎ.ಸಿ. ಮಾತ್ರ ತಣ್ಣಗೆ ಓಡುತ್ತಿರುತ್ತದೆ. ಮುಂದಿನವರು ಮಾರುದ್ದ ಸರಿದರೆ ಇದೂ ಬ್ಯಾಟರಿಯಲ್ಲೇ ಮಾರುದ್ದ ಸರಿಯುತ್ತದೆ, ಬೆಕ್ಕು ನಡೆದ ಹಾಗೆ. ಅಷ್ಟು ನೆಮ್ಮದಿಯ ಕಾರಿನಲ್ಲಿ ಕೂತು ನನಗೆ ಅವತ್ತು ಬಾಗಿಲು ತೆಗೆದು ಓಡಿಬಿಡಬೇಕು ಅನ್ನಿಸಿತ್ತು. ಸಾಗರ ಮುಟ್ಟುವ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಆಮೇಲಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ಬಾಡಿಗೆ ಇಲ್ಲದ ದಿನ ಕಾರನ್ನು ಒರೆಸುತ್ತೇನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತೇನೆ. ಬರೆದರೆ ಸ್ವಲ್ಪ ಹಗುರಾಗಬಹುದು ಎಂದು ಕೂತಿದ್ದೇನೆ. ನಾನು ಪಿಯುಸಿವರೆಗೆ ಓದಿದವಳು, ಬರೆದು ರೂಢಿಯಿಲ್ಲ. ನೆನಪಾದ ಹಾಗೆ ಬರೆಯುತ್ತೇನೆ.

ಅವರು ಶಾಲೆಯ ಟೀಚರ್ ಅಲ್ಲ. ಸಾಗರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಹುಟ್ಟೂರು ತೀರ್ಥಹಳ್ಳಿ ಕಡೆ. ಎಷ್ಟು ವರ್ಷ ಸಾಗರದಲ್ಲಿದ್ದರೂ ಮಾತು ಮಾತ್ರ ಆ ಕಡೆಯದೇ. ಸೀರೆಗೆ ಪಿನ್ ಹಾಕಿ ಬಿಗಿಯಾಗಿ ಉಟ್ಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಬೆಳಗ್ಗೆ ಆರಕ್ಕೆಲ್ಲ ರಸ್ತೆಯಲ್ಲಿರುತ್ತಿದ್ದರು. ಅವರು ಸುಮ್ಮನೆ ಕೂತದ್ದನ್ನು ನೋಡಿದವರಿಲ್ಲ. ಚಹಾ ಕುಡಿಯುವಾಗಲೂ ಅತ್ತಿಂದಿತ್ತ ನಡೆಯುತ್ತಿದ್ದರು. ಮದುವೆ ಮನೆಯಲ್ಲಿ ಎಲೆ ಹಾಕುವುದು ತಡವಾದರೆ ತಾವೇ ಎದ್ದು ಬಡಿಸಲು ನಿಲ್ಲುತ್ತಿದ್ದರು, ಯಾರ ಕಡೆಯವರು ಎಂದು ಕೇಳುವವರಿಗೆ, "ಕಾರಿನ ಕಡೆಯವ್ಳು, ಪಲ್ಯ ಹಾಕ್ಸ್ಕೊಳಿ" ಅನ್ನುತ್ತಿದ್ದರು.

ನಾನು ಹೊಸನಗರದಿಂದ ಬಸ್ಸಿನಲ್ಲಿ ಬಂದು ಕಲಿತವಳು. ಮೊದಲ ದಿನ ಅವರು ಮಾಡಿದ ಕೆಲಸವೆಂದರೆ ಸ್ಪೀಡು ತೋರಿಸುವ ಡಯಲಿನ ಮೇಲೆ ಕರ್ಚೀಫು ಸಿಕ್ಕಿಸಿದ್ದು.

"ಇದ್ರ ಮುಖ ನೋಡಬೇಡ. ಕೇಳು. ಎಂಜಿನ್ ಗೊಣಗ್ತಾ ಉಂಟಾ, ಕೂಗ್ತಾ ಉಂಟಾ? ಗೊಣಗಿದ್ರೆ ಗೇರ್ ಇಳ್ಸು, ಕೂಗಿದ್ರೆ ಏರ್ಸು. ಅಷ್ಟೇ ಪಾಠ."

"ಗೊತ್ತಾಗ್ತಿಲ್ಲ ಟೀಚರ್."

"ಮನೇಲಿ ಅತ್ತೆ ಗೊಣಗೋದು ಗೊತ್ತಾಗುತ್ತಾ?"

"ಆಗುತ್ತೆ."

"ಮತ್ತೆ ಇದೂ ಗೊತ್ತಾಗುತ್ತೆ. ಹೋಗು ಮಾರಾಯ್ತಿ."

ಪಾಠ ಹೇಳುವಾಗ ಅವರು ರಸ್ತೆ ನೋಡುತ್ತಿದ್ದುದೇ ಕಡಿಮೆ. ಪಕ್ಕದ ಸೀಟಿನಲ್ಲಿ ತಮ್ಮದೇ ಆದ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಮುಖವನ್ನು ಎಡಗಡೆ ಕಿಟಕಿಗೆ ತಿರುಗಿಸಿ, ಅಂಗಡಿ ಬಾಗಿಲು ತೆಗೆದವರನ್ನು ಮಾತಾಡಿಸುತ್ತಾ ಹೋಗುತ್ತಿದ್ದರು. ಆ ಮಾತಿನ ನಡುವೆಯೇ, "ಮೂರಕ್ಕೆ ಹಾಕು. ಅರ್ಧ ಕ್ಲಚ್ಚಲ್ಲಿ ನಿಂತಿದ್ದೀಯ, ಬಿಡು" ಎಂದು ಬರುತ್ತಿತ್ತು. ಎಲ್ಲಾ ಕಿವಿಯ ಲೆಕ್ಕ.

ಕೊನೆಯ ಪಾಠ ಕವಲೇದುರ್ಗದಲ್ಲಿ. ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ಕವಲೇದುರ್ಗದ ಬುಡಕ್ಕೆ, ಆಮೇಲೆ ತೀರ್ಥಹಳ್ಳಿಗೆ ಹೋಗಿ ಅವರ ತಂಗಿಯ ಮನೆಯಲ್ಲಿ ಊಟ. ಇದು ಅವರ ಸ್ಕೂಲಿನ ಪದ್ಧತಿ. ಕೋಟೆಯ ಕೆಳಗೆ ಒಂದು ಕಡಿದಾದ ಏರು ಇದೆ. ಅದರ ನಡುವೆ ಕಾರು ನಿಲ್ಲಿಸಲು ಹೇಳಿ ತಾವು ಇಳಿಯುತ್ತಿದ್ದರು. ಇಳಿದು ಹೋಗಿ ಕಾರಿನ ಹಿಂದೆ, ಬಂಪರಿಗೆ ಒಂದು ಗೇಣು ಬಿಟ್ಟು ನಿಲ್ಲುತ್ತಿದ್ದರು. ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರದಂತೆ ಮುಂದೆ ಎಬ್ಬಿಸುವುದು ಕಲಿಯುವವರಿಗೆ ಎಲ್ಲಕ್ಕಿಂತ ಕಷ್ಟ.

"ನಾನು ನಿನ್ನ ಹಿಂದಿದ್ದೀನಿ. ಜಾರಿದ್ರೆ ನನ್ನ ಮೇಲೇ" ಅನ್ನುತ್ತಿದ್ದರು.

ಕ್ಲಚ್ ಕಚ್ಚುವ ಶಬ್ದ ಅವರಿಗೆ ಹಿಂದಿನಿಂದಲೇ ಕೇಳುತ್ತಿತ್ತು. ಜಾರುವುದಿದ್ದರೆ ಜಾರುವ ಮೊದಲೇ ಗೊತ್ತಾಗಿ ಪಕ್ಕಕ್ಕೆ ಹಾರುತ್ತಿದ್ದರು. ಅವರ ಹತ್ತಿರ ಕಲಿತ ಹೆಂಗಸರಲ್ಲಿ ಏರು ಕಂಡರೆ ಹೆದರುವವರು ಯಾರೂ ಇಲ್ಲ.

ನಾನು ಮೊದಲು ಓಡಿಸುತ್ತಿದ್ದುದು ಹಳೆಯ ಡೀಸೆಲ್ ಕಾರು. ನಮ್ಮ ಕಡೆಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗುವವರು ಬಹಳ. ಹೆಂಗಸರು ಒಂಟಿಯಾಗಿ ಹೋಗುವಾಗ ನನ್ನನ್ನು ಕರೆಯುತ್ತಾರೆ. ಸಾಗರದಿಂದ ಬೆಂಗಳೂರಿನ ಅಂಚಿನವರೆಗೆ ಹೋಗುವುದು ದೊಡ್ಡದಲ್ಲ. ಅಂಚಿನಿಂದ ಆಸ್ಪತ್ರೆ ಬಾಗಿಲವರೆಗೆ ಹೋಗುವುದೇ ಒಂದು ಪ್ರಯಾಣ. ಕ್ಲಚ್ ಒತ್ತು, ಬಿಡು, ಒತ್ತು, ಬಿಡು. ಎಡಗಾಲಿನ ಮಂಡಿ ಊದಿಕೊಳ್ಳುತ್ತಿತ್ತು. ವಾಪಸ್ ಬರುವಾಗ ಹೊಲಿಗೆ ಹಾಕಿಸಿಕೊಂಡವರು ಹಿಂದೆ ಮಲಗಿರುತ್ತಿದ್ದರು. ಪ್ರತಿ ಜಗ್ಗಾಟಕ್ಕೂ ಅವರು ಹಲ್ಲು ಕಚ್ಚುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಹಾಗಾಗಿ ಹೈಬ್ರಿಡ್ ತೆಗೆದುಕೊಂಡೆ.

ತಂದ ದಿನ ಟೀಚರಿಗೆ ತೋರಿಸಲು ಹೋದೆ. ಸುತ್ತಲೂ ಒಂದು ಸುತ್ತು ಹಾಕಿದರು.

"ಸ್ಟಾರ್ಟ್ ಮಾಡು."

"ಆಗಿದೆ ಟೀಚರ್."

"ಎಂತ ಆಗಿದೆ?"

"ಸ್ಟಾರ್ಟು."

"ಸುಳ್ಳು ಹೇಳ್ಬೇಡ." ಬಾನೆಟ್ಟಿನ ಹತ್ತಿರ ಬಗ್ಗಿ, ತಲೆಯನ್ನು ತಿರುಗಿಸಿ ಎಡಗಿವಿಯನ್ನು ಕೆಳಗೆ ಮಾಡಿದರು. ಅವರು ಹಾಗೆ ಎಡಗಿವಿ ಕೊಟ್ಟದ್ದು ನನಗೆ ಆಗ ಏನೂ ಅನ್ನಿಸಲಿಲ್ಲ. "ಎಂತದೇ ಇದು, ಹೆಣದ ಹಾಗೆ. ಕ್ಲಚ್ಚೂ ಇಲ್ಲ. ಎಡಗಾಲು ಎಂತ ಮಾಡ್ಬೇಕು?"

"ಸುಮ್ನಿರ್ಬೇಕು."

"ಸುಮ್ನಿರೋ ಕಾಲು ನಂಗೆ ದೇವ್ರು ಕೊಟ್ಟಿಲ್ಲ ಕಣೇ."

ಮೈಲೇಜಿನ ಮಾತು ಬಂದಾಗ ಇನ್ನೂ ನಕ್ಕರು. ಖಾಲಿ ಹೈವೇಗಿಂತ ಪೇಟೆಯ ಜಾಮಿನಲ್ಲೇ ಇದು ಕಡಿಮೆ ಪೆಟ್ರೋಲ್ ಕುಡಿಯುತ್ತದೆ ಎಂದರೆ ಹಳೆಯ ಡ್ರೈವರುಗಳು ಯಾರೂ ನಂಬುವುದಿಲ್ಲ. ಬೇರೆ ಕಾರು ನಿಂತಲ್ಲಿ ಸುಡುತ್ತದೆ, ಇದು ನಿಂತಲ್ಲಿ ಸುಡುವುದಿಲ್ಲ. ಮೆಲ್ಲಗೆ ಬ್ರೇಕ್ ಒತ್ತಿದರೆ ಆ ಓಟವೂ ಬ್ಯಾಟರಿಗೆ ಸೇರುತ್ತದೆ. ಹೈವೇಯಲ್ಲಿ ಇದು ಎಲ್ಲಾ ಕಾರಿನ ಹಾಗೆಯೇ. ಹುಲಿಕಲ್ ಘಾಟಿಯಲ್ಲಿ ಅರ್ಧ ಇಳಿಯುವುದರೊಳಗೆ ಬ್ಯಾಟರಿ ತುಂಬುತ್ತದೆ, ಮಿಕ್ಕ ಇಳುಕಲು ಪುಕ್ಕಟೆ ಹೋಗುತ್ತದೆ. ಸಿಗಂದೂರಿಗೆ ಲಾಂಚಿನಲ್ಲೇ ದಾಟಬೇಕಿದ್ದ ಕಾಲದಲ್ಲಿ, ರಜೆಯ ದಿನ ಹಿನ್ನೀರಿನ ದಂಡೆಯಲ್ಲಿ ಕಾರುಗಳ ಸಾಲು ನಿಲ್ಲುತ್ತಿತ್ತಲ್ಲ, ಅಲ್ಲಿಗೂ ಇದು ಚೆನ್ನಾಗಿತ್ತು. ಒಟ್ಟಿನಲ್ಲಿ ಇದು ನಿಂತು ನಿಂತು ಹೋಗುವವರ ಕಾರು. ಅವತ್ತು ನಾನು ಮೈಲೇಜಿನ ಲೆಕ್ಕ ಹೇಳಿದಾಗ ಟೀಚರ್, "ನಿಲ್ಲೋದಕ್ಕೆ ಯಾರಾದ್ರೂ ಕಾರು ತಗೊಳ್ತಾರಾ?" ಎಂದು ಒಳಗೆ ಹೋದರು.

ಶಬ್ದದ ವಿಷಯದಲ್ಲಿ ಗಲಿಬಿಲಿಯಾಗುವುದು ಎಲ್ಲರಿಗೂ ಇದ್ದದ್ದೇ. ಸಾಗರದ ತೋಟದ ಮನೆಯ ಅಜ್ಜಿಯೊಬ್ಬರು ಬೆಂಗಳೂರಿನ ಸಿಗ್ನಲಿನಲ್ಲಿ ನನ್ನ ಭುಜ ತಟ್ಟಿ, "ಕೂಸೇ, ಶಬ್ದನೇ ಇಲ್ಲೆ, ಬಂಡಿ ಕೆಟ್ಟೋತನೇ? ಎಂಗೊ ಇಳ್ದು ನೂಕವನೇ?" ಎಂದು, ತಾವೆಲ್ಲ ಇಳಿದು ನೂಕಲು ತಯಾರಾದವರ ಹಾಗೆ ಕೇಳಿದ್ದರು. ಅದನ್ನು ಟೀಚರಿಗೆ ಹೇಳಿದೆ. ನಗಲಿಲ್ಲ. ಕೇಳಿಸಿರಲಿಲ್ಲವೇನೋ. ಆಗ ನಾನು ಅವರ ಬಲಗಡೆ ಇದ್ದೆ.

ತಿಳಿದದ್ದು ಕವಲೇದುರ್ಗದ ಏರಿನಲ್ಲಿ. ಲಲಿತಳ ಹಿಂದಿನ ತಂಡದ ಹುಡುಗಿಯೊಬ್ಬಳ ಕೊನೆಯ ಪಾಠ. ನನ್ನ ಬಾಡಿಗೆಯೂ ಅದೇ ಕಡೆ ಇತ್ತು, ಕೋಟೆ ನೋಡಲು ಬಂದವರನ್ನು ಮೇಲಕ್ಕೆ ಕಳಿಸಿ ಕೆಳಗೆ ಕಾಯುತ್ತಿದ್ದೆ. ಟೀಚರ್ ಎಂದಿನಂತೆ ಕಾರಿನ ಹಿಂದೆ ನಿಂತರು. ಎಂಜಿನ್ ಸೊರಗಿ ಸಾಯುವ ಹಾಗೆ ಗುಡುಗುಟ್ಟಿತು. ದೂರದಲ್ಲಿದ್ದ ನನಗೆ ಕೇಳಿಸಿತು. ಟೀಚರ್ ಅಲ್ಲಾಡಲಿಲ್ಲ. ಕಾರು ಹಿಂದಕ್ಕೆ ಬಂತು. ಬಂಪರ್ ಮೊಣಕಾಲಿಗೆ ತಾಗಿದ ಮೇಲೆಯೇ ಅವರು ಬೆಚ್ಚಿ ಪಕ್ಕಕ್ಕೆ ಬಿದ್ದರು. ಹುಡುಗಿ ಹ್ಯಾಂಡ್‌ಬ್ರೇಕ್ ಎಳೆದಳು.

ನಾನು ಓಡಿ ಹೋಗಿ ಎಬ್ಬಿಸಿದೆ. ಸೀರೆಯ ಮಣ್ಣು ಕೊಡವಿಕೊಂಡರು.

"ಕೇಳಿಸ್ಲಿಲ್ವಾ ಟೀಚರ್?"

"ಬಲಗಡೇದು ಹೋಗಿ ಒಂದು ವರ್ಷದ ಮೇಲಾಯ್ತು" ಅಂದರು, ಕೊಡೆ ಮರೆತುಬಂದೆ ಅನ್ನುವವರ ಹಾಗೆ. "ಎಡಗಡೇದು ಈಗೀಗ. ಆ ಹುಡ್ಗಿಗೆ ಹೇಳ್ಬೇಡ. ತಾನೇ ತಪ್ಪು ಮಾಡಿದ್ದು ಅಂದ್ಕೊಂಡಿರ್ಲಿ. ಹುಷಾರಾಗ್ತಾಳೆ."

ಸ್ವಲ್ಪ ದೂರ ನಡೆದು ಮತ್ತೆ ತಿರುಗಿದರು. "ಕಿವಿ ಇಲ್ದೆ ನಾನು ಎಂತ ಹೇಳ್ಕೊಡ್ಲೇ?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ನಾವು ಬೆಂಗಳೂರಿಗೆ ಹೋದದ್ದು. ಶಿವಮೊಗ್ಗದ ಡಾಕ್ಟರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದರು. ತಾನೇ ಓಡಿಸುತ್ತೇನೆ ಎಂದು ಹಟ ಹಿಡಿದವರನ್ನು ನನ್ನ ಕಾರಿನಲ್ಲಿ ಪಕ್ಕದ ಸೀಟಿಗೆ ಕೂರಿಸುವಷ್ಟರಲ್ಲಿ ಸಾಕಾಯಿತು. ದಾರಿಯುದ್ದಕ್ಕೂ ಎಡಗಡೆ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಸೀಟನ್ನು ಹಿಂದೆ ಮಾಡಿದರು, ಮುಂದೆ ಮಾಡಿದರು, ಬಾಗಿಲ ಗಾಜು ಇಳಿಸಿದರು, ಏರಿಸಿದರು.

ಬೆಂಗಳೂರಿನಲ್ಲಿ ಒಂದು ಮೇಲ್ಸೇತುವೆಯ ಕೆಳಗೆ ಸಿಕ್ಕಿಕೊಂಡೆವು. ಮುಂದೆ ಏನೋ ಆಗಿತ್ತು, ಯಾವ ಕಡೆಯ ಗಾಡಿಯೂ ಚಲಿಸುತ್ತಿರಲಿಲ್ಲ. ಮೊದಲು ಎಲ್ಲರೂ ಹಾರ್ನ್ ಹೊಡೆದರು. ಆಮೇಲೆ ಸಾಕಾಗಿ ಸುಮ್ಮನಾದರು. ಕೆಲವರು ಎಂಜಿನ್ ಆರಿಸಿ ಇಳಿದು ನಿಂತರು. ನನ್ನ ಕಾರಿನದೂ ತಾನಾಗಿ ಆರಿತು. ಗಾಜು ಏರಿಸಿತ್ತು. ನಾನು ಮಾತಾಡುತ್ತಿರಲಿಲ್ಲ.

ಟೀಚರ್ ಒಮ್ಮೆಗೇ ನನ್ನ ಮೊಣಕೈ ಹಿಡಿದರು. ನೋಯುವ ಹಾಗೆ ಹಿಡಿದರು. ಇನ್ನೊಂದು ಕೈ ಎಡಗಿವಿಯ ಮೇಲಿತ್ತು.

"ಹೋಯ್ತು" ಅಂದರು. "ಇದೂ ಹೋಯ್ತು ಕಣೇ. ಎಂತದೂ ಇಲ್ಲ. ಎಂಜಿನ್ನೂ ಇಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಟೀಚರ್, ಎಂಜಿನ್ ಆಫ್ ಆಗಿದೆ" ಅಂದೆ. ನನ್ನ ಬಾಯಿಯನ್ನೇ ನೋಡಿದರು. ಜೋರಾಗಿ ಅಂದೆ, "ಆಫ್ ಆಗಿದೆ ಟೀಚರ್. ನಂಗೂ ಏನೂ ಕೇಳ್ತಿಲ್ಲ."

ಕೈ ಸಡಿಲಾಯಿತು. ಆಮೇಲೆ ಮೆಲ್ಲಗೆ ನಗು ಬಂತು. "ನಿನ್ನ ಕಾರಿಗೆ ಬೆಂಕಿ ಹಾಕ. ನನ್ನ ಪ್ರಾಣ ತೆಗ್ದಿತ್ತು."

ಮತ್ತೆ ಸ್ವಲ್ಪ ಹೊತ್ತಿಗೆ, "ಅಂದ್ರೆ ಇದ್ರಲ್ಲಿ ಕಿವಿ ಇದ್ದೋರೂ ನನ್ನ ಹಾಗೇನಾ?"

"ಜಾಮಲ್ಲಿ ಹೌದು. ಕೇಳೋಕೆ ಏನೂ ಇರಲ್ಲ. ಸ್ಕ್ರೀನ್ ನೋಡ್ಬೇಕು."

"ಇಳಿ" ಅಂದರು.

ನಾವಿಬ್ಬರೂ ಆ ಜಾಮಿನ ನಡುವೆ ಇಳಿದು ಸೀಟು ಬದಲಾಯಿಸಿದೆವು. ಪಕ್ಕದ ಆಟೋದವನು, "ಏನ್ ಅಕ್ಕೋರೇ, ಪಿಕ್ನಿಕ್ಕಾ?" ಅಂದ. ಟೀಚರಿಗೆ ಅದು ಕೇಳಿಸಲಿಲ್ಲ. ಆದರೂ ಅವನನ್ನು ದುರುಗುಟ್ಟಿ ನೋಡಿದರು.

ಸಾಲು ಸರಿಯತೊಡಗಿತು. ಆ ಕಾರನ್ನು ಅವರು ಮೊದಲ ಸಲ ಮುಟ್ಟಿದ್ದು. ಆದರೂ ಆ ಸಂದಣಿಯಲ್ಲಿ ಎಷ್ಟು ನವಿರಾಗಿ ಬಿಟ್ಟರೆಂದರೆ ನನ್ನ ಕಾರು ನನ್ನದೇ ಅನ್ನಿಸಲಿಲ್ಲ. ಆದರೆ ನಿಂತಾಗಲೆಲ್ಲ ನ್ಯೂಟ್ರಲ್ಲಿಗೆ ಹಾಕುತ್ತಿದ್ದರು. ಅದು ಅವರೇ ನಮಗೆಲ್ಲ ತಲೆಗೆ ಹೊಡೆದು ಕಲಿಸಿದ ಪಾಠ. ನಿಂತರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಹೈಬ್ರಿಡ್‌ನಲ್ಲಿ ಅದೇ ತಪ್ಪು. ನ್ಯೂಟ್ರಲ್ಲಿನಲ್ಲಿ ಇಟ್ಟರೆ ಬ್ಯಾಟರಿಗೆ ಚಾರ್ಜ್ ಆಗುವುದಿಲ್ಲ, ಎ.ಸಿ. ಮಾತ್ರ ಅದನ್ನು ಕುಡಿಯುತ್ತಲೇ ಇರುತ್ತದೆ. ಸ್ಕ್ರೀನಿನಲ್ಲಿ ಎಚ್ಚರಿಕೆ ಬಂತು.

ಹೇಳುವುದು ಹೇಗೆ? ನನಗೆ ಗೇರ್ ಹಾಕಲು ಕಲಿಸಿದವರು.

"ಟೀಚರ್, ನ್ಯೂಟ್ರಲ್ ಬೇಡ. ಗೇರಲ್ಲೇ ಇಟ್ಟು ಬ್ರೇಕ್ ಒತ್ತಿ."

ಹುಬ್ಬು ಗಂಟಾಯಿತು. "ಯಾರು ಹೇಳಿದ್ದು?"

"ಕಾರೇ ಹೇಳ್ತಿದೆ. ನೋಡಿ."

ಸ್ಕ್ರೀನನ್ನು ನೋಡಿದರು. ನನ್ನನ್ನು ನೋಡಿದರು. "ಇನ್ನೊಂದ್ಸಲ ಹೇಳು, ನಿಧಾನ" ಅಂದರು. ನಾನು ಹೇಳಿದೆ. ಆಮೇಲೆ ಆಸ್ಪತ್ರೆ ಮುಟ್ಟುವವರೆಗೆ ಒಂದು ಸಲವೂ ನ್ಯೂಟ್ರಲ್ಲಿಗೆ ಹಾಕಲಿಲ್ಲ.

ಡಾಕ್ಟರು ಹೇಳಿದ್ದು ಹೆಚ್ಚೇನಿಲ್ಲ. ಬಲಗಿವಿ ವಾಪಸ್ ಬರುವುದಿಲ್ಲ. ಎಡಗಿವಿ ನಿಧಾನವಾಗಿ ಹೋಗುತ್ತದೆ, ಕಿವಿಗೆ ಮಿಷನ್ ಹಾಕಿದರೆ ಮಾತು ಕೇಳುತ್ತದೆ, ಬೇರೆ ಶಬ್ದಗಳ ಸೂಕ್ಷ್ಮ ತಿಳಿಯುವುದಿಲ್ಲ. ಕಾರು ಓಡಿಸಬಹುದು, ಕನ್ನಡಿ ಜಾಸ್ತಿ ನೋಡಿ. ಟೀಚರ್ ಕೇಳಿದ್ದು ಒಂದೇ. "ಪಾಠ?" ಡಾಕ್ಟರಿಗೆ ಯಾವ ಪಾಠವೆಂದು ಗೊತ್ತಾಗಲಿಲ್ಲ. ನಾನು ವಿವರಿಸಿದೆ. ಅವರು, "ಅದು ನಿಮಗೇ ಗೊತ್ತಾಗಬೇಕು ಅಮ್ಮ" ಅಂದರು.

ಮಿಷನ್ ಹಾಕಿಕೊಂಡು ಹೊರಗೆ ಬಂದರು. ಬೆಂಗಳೂರಿನ ಹಾರ್ನುಗಳೆಲ್ಲ ಒಂದೇ ಸಲ ಕಿವಿಯೊಳಗೆ ಬಂದವೆಂದು ಕಾಣುತ್ತದೆ, ಕಿತ್ತು ಬ್ಯಾಗಿಗೆ ಹಾಕಿದರು.

ಆಮೇಲೆ ಒಂದು ವಿಚಿತ್ರ ಅಭ್ಯಾಸ ಶುರುವಾಯಿತು. ನನ್ನ ಬೆಂಗಳೂರು ಬಾಡಿಗೆಗಳಿಗೆ, ಮುಂದಿನ ಸೀಟು ಖಾಲಿಯಿದ್ದರೆ, ಟೀಚರ್ ಬರತೊಡಗಿದರು. ಹೈವೇಯಲ್ಲಿ ಕಣ್ಣು ಮುಚ್ಚಿ ಒರಗುತ್ತಿದ್ದರು. "ಜಾಮ್ ಬಂದ್ರೆ ಎಬ್ಸು." ಊರಿನ ಅಂಚಿನಲ್ಲಿ ಚಹಾಕ್ಕೆ ನಿಲ್ಲಿಸಿ ಸೀಟು ಬದಲಾಯಿಸುತ್ತಿದ್ದೆವು. ಎಲ್ಲಾ ಡ್ರೈವರುಗಳೂ ಶಾಪ ಹಾಕುವ ರಸ್ತೆಗೆ ಅವರು ಕಾದು ಕೂತಿರುತ್ತಿದ್ದರು. ಬ್ಯಾಟರಿಯಲ್ಲಿ ಎಷ್ಟು ದೂರ ಎಂಜಿನ್ ಏಳದಂತೆ ಹೋಗಬಹುದು ಎಂದು ನೋಡುವುದೇ ಅವರಿಗೆ ಆಟ. ಹಿಂದೆ ಕೂತ ರೋಗಿಗಳು ನಿದ್ದೆ ಹೋಗುತ್ತಿದ್ದರು. ಜನ್ಮದಲ್ಲಿ ಒಂದು ಕಡೆ ನಿಲ್ಲದ ಹೆಂಗಸು ಅಲ್ಲಿ ಮಾತ್ರ ತಾಸುಗಟ್ಟಲೆ ನಿಲ್ಲುತ್ತಿದ್ದರು, ಸಿಡುಕದೆ.

"ಇದು ಒಳ್ಳೇದು ಕಣೇ" ಎಂದು ಒಮ್ಮೆ ಒಪ್ಪಿಕೊಂಡರು. "ನಮ್ಮ ಘಾಟಿಗಲ್ಲ. ಈ ಊರಿಗೆ ಒಳ್ಳೇದು."

ಆದರೆ ಪಾಠದ ಪ್ರಶ್ನೆ ಹಾಗೆಯೇ ಉಳಿದಿತ್ತು. ಸಾಗರದಲ್ಲಿ ಅವರ ಹಳೆಯ ಕಾರಿಗೆ ಕ್ಲಚ್ ಇತ್ತು, ಗೇರ್ ಇತ್ತು, ಕಲಿಯುವವರಿಗೆ ಬೇಕಾದದ್ದೂ ಅದೇ. ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲಿಸಿದರು, ನಿಲ್ಲಿಸಿದೆ ಎಂದು ಯಾರಿಗೂ ಹೇಳಲಿಲ್ಲ. ಉಳಿದವಳು ಲಲಿತ ಒಬ್ಬಳು. ಹೊಸನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ನಲವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದವಳು.

ಒಂದು ದಿನ ಟೀಚರ್ ಫೋನ್ ಮಾಡಿ, "ನಾಳೆ ಬಾಡಿಗೆ ಹಿಡೀಬೇಡ. ಲಲಿತನ್ನ ಹುಲಿಕಲ್ ಘಾಟಿ ಹತ್ತಿಸ್ಬೇಕು. ನೀನು ಹಿಂದೆ ಕೂತ್ಕೋ" ಅಂದರು.

ತಮ್ಮ ಹಳೆಯ ಕಾರನ್ನು ಘಾಟಿಯ ಕೆಳಗಿನವರೆಗೆ ಟೀಚರೇ ಇಳಿಸಿದರು. ಕೆಳಗೆ ಲಲಿತಳಿಗೆ ಸ್ಟೀರಿಂಗ್ ಕೊಟ್ಟು ತಾವು ಎಡಕ್ಕೆ ಬಂದರು. ಕಿವಿಗೆ ಮಿಷನ್ ಹಾಕಿದ್ದರು, ಸೆರಗನ್ನು ತಲೆಯ ಮೇಲೆ ಎಳೆದು ಅದನ್ನು ಮುಚ್ಚಿದ್ದರು. ಮುಖವನ್ನು ಕಿಟಕಿಗೆ ತಿರುಗಿಸಿದರು.

ಮೊದಲ ತಿರುವಿನಲ್ಲೇ ಲಲಿತ ಮೂರನೇ ಗೇರಿನಲ್ಲಿ ಉಳಿದುಬಿಟ್ಟಳು. ಎಂಜಿನ್ ಗೊಣಗತೊಡಗಿತು. ನಾನು ಟೀಚರ ಮಾತಿಗೆ ಕಾದೆ. ಬರಲಿಲ್ಲ. ಗೊಣಗಾಟ ಹೆಚ್ಚಾಯಿತು, ಕಾರು ನಡುಗಿತು. ಟೀಚರ್ ಕಿಟಕಿಯಿಂದ ಮುಖ ತೆಗೆದು ಹಿಂದಕ್ಕೆ, ನನ್ನ ಕಡೆಗೆ ತಿರುಗಿದರು. ನೋಡಿದರು, ಅಷ್ಟೇ.

ನಾನು ಎರಡು ಬೆರಳು ಎತ್ತಿ ತೋರಿಸಿದೆ.

"ಎರಡಕ್ಕೆ ಹಾಕು" ಎಂದರು ಟೀಚರ್, ಅದೇ ಹಳೆಯ ಗಡಸು ಧ್ವನಿಯಲ್ಲಿ. "ಎಷ್ಟೊತ್ತು ಸಾಯ್ಸ್ತೀಯ ಅದನ್ನ?"

ಘಾಟಿಯುದ್ದಕ್ಕೂ ಹಾಗೆಯೇ ನಡೆಯಿತು. ನಾನು ಬೆರಳೆತ್ತುವುದು, ಅವರು ಹೇಳುವುದು. ರಸ್ತೆಯ ಮೇಲೆ ಕಣ್ಣು ನೆಟ್ಟ ಲಲಿತಳಿಗೆ ಯಾವುದೂ ತಿಳಿಯಲಿಲ್ಲ. ಮೇಲೆ ಬಂದ ಮೇಲೆ ಬೆವರೊರೆಸಿಕೊಂಡು, "ಅಬ್ಬಾ ಟೀಚರ್, ನಿಮ್ ಕಿವಿ ಎಷ್ಟು ಚುರುಕು. ಕಿಟ್ಕಿ ಕಡೆ ನೋಡ್ತಿದ್ರೂ ಎಲ್ಲಾ ಗೊತ್ತಾಗುತ್ತಲ್ಲ" ಅಂದಳು.

ಟೀಚರ್ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

ಹೊಸನಗರದಲ್ಲಿ ಲಲಿತಳ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆವು. ಅವಳು ನೀರು ತರಲು ಒಳಗೆ ಹೋದಳು. ಟೀಚರ್ ಕೀ ತೆಗೆದು ನನ್ನ ಕೈಯಲ್ಲಿಟ್ಟರು.

"ನಾಳೆಯಿಂದ ಇವ್ಳನ್ನ ನೀನು ನೋಡ್ಕೋ."

"ನಾನಾ? ನಂಗೆ ಹೇಳ್ಕೊಡೋಕೆ ಬರಲ್ಲ ಟೀಚರ್."

"ಘಾಟಿಯಲ್ಲಿ ಹೇಳ್ಕೊಟ್ಟಿದ್ದು ಯಾರು ಮತ್ತೆ?" ಎಂದು ಕಾರಿನಿಂದ ಇಳಿದರು.

ಎದುರು ಬದಿಯಲ್ಲಿ ಸಾಗರದ ಬಸ್ಸು ನಿಲ್ಲುವ ಜಾಗ. ಬಿಟ್ಟುಬರುತ್ತೇನೆ ಎಂದೆ, ಬೇಡವೆಂದು ಕೈಯಾಡಿಸಿದರು. ರಸ್ತೆಯ ಅಂಚಿಗೆ ಹೋಗಿ ನಿಂತರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಮತ್ತೆ ಬಲಕ್ಕೆ ನೋಡಿದರು. ರಸ್ತೆ ಪೂರ್ತಿ ಖಾಲಿಯಿತ್ತು. ಆದರೂ ಅವರು ಅಲ್ಲೇ ನಿಂತಿದ್ದರು, ಇನ್ನೊಮ್ಮೆ ನೋಡುತ್ತಾ.